ಖಾಲಿ ಹಾಳೆಯ ಕೆಳಗಿನ ಸಹಿ

ಚೆಲುವಯ್ಯನ ಪಂಕ್ಚರ್ ಅಂಗಡಿಗೂ ಪೊಲೀಸ್ ಠಾಣೆಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸುಗಳು ಆ ರಸ್ತೆಯಲ್ಲೇ ಓಡಾಡುತ್ತವೆ. ಟ್ಯೂಬಿಗೆ ಗಾಳಿ ತುಂಬಿ, ಬಾಂಡ್ಲಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಗಿರಾಕಿಗೇ ತೋರಿಸಿ, ಆಮೇಲೆ ಪ್ಯಾಚ್ ಹಾಕುವುದು ಅವನ ಕ್ರಮ. ಒಂದು ತೂತಿದ್ದರೆ ಒಂದೇ ಎನ್ನುತ್ತಿದ್ದ. ತಾತನ ಕಾಲದಿಂದ ಅವರು ಕ್ರೈಸ್ತರು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದವನು, ಹಳೆಯ ಸ್ಪೀಕರಿನ ಅಯಸ್ಕಾಂತ ಕಟ್ಟಿದ ಕೋಲು ಹಿಡಿದು ರಸ್ತೆಯಂಚಿನ ಮೊಳೆಗಳನ್ನು ಎತ್ತಿ ಡಬ್ಬಿಗೆ ಹಾಕಿದ ಮೇಲೆಯೇ ಅಂಗಡಿ ತೆರೆಯುತ್ತಿದ್ದ.

"ನಿನ್ ವ್ಯಾಪಾರವ ನೀನೇ ಎತ್ತಿ ಬಿಸಾಕ್ತೀಯಲ್ಲ ಕಣ್ಲಾ!" ಎಂದು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಗುರುಮಲ್ಲಯ್ಯ ನಗುತ್ತಿದ್ದ.

ಆ ಗುರುಮಲ್ಲಯ್ಯನೇ ವಾರಕ್ಕೊಮ್ಮೆ ಒಂದು ಖಾಲಿ ಹಾಳೆ ತರುತ್ತಿದ್ದ. ಕಳವಿನ ಮಾಲು ಸಿಕ್ಕರೆ ಅಲ್ಲೇ ಮಹಜರು ಬರೆಯಬೇಕು. ಕಣ್ಣಾರೆ ಕಂಡ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಸಹಿ ಅದಕ್ಕೆ ಬೇಕು. ಪಂಚರನ್ನು ಅಲ್ಲಿಯವರೆಗೆ ಕರೆದೊಯ್ಯುವ ತಾಪತ್ರಯ ಯಾರಿಗೆ ಬೇಕು? ಎದುರಿನ ಅಂಗಡಿಯವರು ಕೆಳಗೆ ಸಹಿ ಹಾಕಿಕೊಟ್ಟರೆ ಮೇಲಿನದನ್ನು ಠಾಣೆಯವರು ಬರೆದುಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಚೆಲುವಯ್ಯ ಹಾಗೆ ಸಹಿ ಹಾಕಿದ. ಕೇಳಿದವರಿಗೆ ಪಂಪು ಕೊಟ್ಟ ಹಾಗೆ ಇದೂ ಒಂದು ಉಪಕಾರ ಎಂದುಕೊಂಡಿದ್ದ. ಸುಳ್ಳೆಂದು ಒಮ್ಮೆಯೂ ತೋರಿರಲಿಲ್ಲ; ಹಾಳೆಯ ಮೇಲೆ ಮಾತೇ ಇರಲಿಲ್ಲವಲ್ಲ.

ಒಂದು ಮಧ್ಯಾಹ್ನ ಸಂತೆಮರಹಳ್ಳಿ ಕಡೆಯ ಮುದುಕಿ ದೊಡ್ಡಮಾದಮ್ಮ ಅಂಗಡಿಯ ಮುಂದೆ ಬಂದು ನಿಂತಳು. ಅವಳ ಮಗ, ಕೂಲಿಯ ನಿಂಗರಾಜು, ಪಂಪ್‌ಸೆಟ್ಟಿನ ಕೇಬಲ್ ಕದ್ದ ಆರೋಪದ ಮೇಲೆ ಏಳು ತಿಂಗಳಿಂದ ಜೈಲಿನಲ್ಲಿದ್ದ. ಜಾಮೀನಿಗೆ ನಿಲ್ಲುವವರು ಸಿಕ್ಕಿರಲಿಲ್ಲ.

"ನನ್ ಮಗ ಬೇಲಿಯಿಂದ ಕೇಬಲ್ ತಗ್ದು ಪೊಲೀಸ್ರುಗೆ ಕೊಟ್ಟದ್ದ ನೀನು ನೋಡಿದ್ಯಂತಲ್ಲಪ್ಪ. ವಕೀಲ್ರು ಓದಿ ಯೋಳುದ್ರು. ಆವತ್ತೆಲ್ಲ ಅವ್ನು ನನ್ ಜೊತ್ಗೆ ಆಸ್ಪತ್ರೇಲಿದ್ದ. ನೀನು ಯಾರ್ನಪ್ಪ ನೋಡ್ದೆ?"

ನಿಂಗರಾಜುವಿನ ಮುಖವನ್ನೇ ಚೆಲುವಯ್ಯ ಕಂಡಿರಲಿಲ್ಲ. ಟ್ಯೂಬನ್ನು ಬಾಂಡ್ಲಿಯಲ್ಲೇ ಬಿಟ್ಟು ಎದ್ದು ನಿಂತ.

"ಕೋರ್ಟಲ್ಲಿ ನಿಜ ಯೋಳ್ತೀನಿ ಕಣವ್ವ," ಎಂದ.

ಮರುದಿನ ಗುರುಮಲ್ಲಯ್ಯ ಹಾಳೆ ತಂದಾಗ ಚೆಲುವಯ್ಯ ಸಹಿ ಹಾಕಲಿಲ್ಲ, ಕಾರಣವನ್ನೂ ಹೇಳಿದ.

"ಬೈಬಲ್ ಓದಿ ಕೆಟ್ಟೋದೆ ಕಣ್ಲಾ ನೀನು," ಗುರುಮಲ್ಲಯ್ಯ ಇನ್ನೂ ನಗುತ್ತಲೇ ಇದ್ದ. "ಸೈನು ನಿಂದೇ. ನೋಡ್ನಿಲ್ಲ ಅಂದ್ರೆ ಸಿಕ್ಕಾಕೊಳ್ಳೋನು ನೀನೇಯ. ಅಂಗ್ಡಿ ಇರೋ ಜಾಗ ಯಾರ್ದು, ನಿಮ್ಮಪ್ಪಂದಾ? ರಸ್ತೇದು. ತಿಳ್ಕೊ."

ಆ ಸಂಜೆ ಹೆಂಡತಿ ಶಾಂತಿಗೆ ಎಲ್ಲ ಹೇಳಿದ. ಅಂಗಡಿ ಹೋದರೆ ಗತಿಯೇನು ಎಂದು ಅವಳು ಕೇಳುವಳೆಂದು ಕಾದ. ಅವಳು ಬೇರೆಯದನ್ನೇ ಕೇಳಿದಳು.

"ಇಂಥವು ಎಷ್ಟು ಸೈನು ಆಕಿದ್ದೀರಿ?"

ವಾರಕ್ಕೊಂದು, ಹನ್ನೊಂದು ವರ್ಷ. ಐನೂರ ಎಪ್ಪತ್ತೆರಡು. ತಟ್ಟೆಯಲ್ಲಿದ್ದ ಮುದ್ದೆಯನ್ನು ಇಬ್ಬರೂ ಮುಟ್ಟಲಿಲ್ಲ.

ಸಾಕ್ಷಿಗೆ ಕರೆ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಅದಕ್ಕೆ ಹದಿನೈದು ದಿನ ಮುಂಚೆ ದೊಡ್ಡಮಾದಮ್ಮ ತೀರಿಕೊಂಡಳು.

"ಸಹಿ ನಂದೇ ಸ್ವಾಮಿ. ಹಾಳೆ ಖಾಲಿ ಇತ್ತು. ನಾನು ಏನೂ ನೋಡಿಲ್ಲ," ಎಂದ ಚೆಲುವಯ್ಯ ಕಟಕಟೆಯಲ್ಲಿ.

"ಆರೋಪಿ ಕಡೆಯವರು ಏನು ಕೊಟ್ಟರು?" ಸರ್ಕಾರಿ ವಕೀಲರು ಕೇಳಿದರು.

"ಅವ್ರವ್ವ ಬಂದಿದ್ರು. ಕೊಡಾಕೆ ಅವ್ರತ್ರ ಏನೂ ಇರ್ನಿಲ್ಲ."

ಹೀಗೆ ಎಷ್ಟು ಹಾಳೆಗೆ ಸಹಿ ಹಾಕಿದ್ದೀಯ ಎಂದು ನ್ಯಾಯಾಧೀಶರು ಕೇಳಿದರು. ಲೆಕ್ಕ ಹೇಳಿದ. ಬೆರಳಚ್ಚು ಮಾಡುತ್ತಿದ್ದವಳ ಕೈ ನಿಂತಿತು. ಈ ಮಾತಿಗೆ ನಿನ್ನ ಮೇಲೂ ಕೇಸಾಗಬಹುದು ಎಂದರು ನ್ಯಾಯಾಧೀಶರು. ಚೆಲುವಯ್ಯ ತಲೆಯಾಡಿಸಿದ.

ಮುಂದಿನ ವಾರ ಒತ್ತುವರಿಯೆಂದು ಅಂಗಡಿಯನ್ನು ಕಿತ್ತರು. ಖಾಲಿ ಹಾಳೆಗೆ ಸಹಿ ಹಾಕಲು ಠಾಣೆಯವರಿಗೆ ಪಕ್ಕದ ಟೀ ಅಂಗಡಿಯವನು ಸಿಕ್ಕಿದ.

ನಿಂಗರಾಜು ಬಿಡುಗಡೆಯಾದ ದಿನ ಚೆಲುವಯ್ಯ ಜೈಲಿನ ಹೊರಗೆ ಕಾದು ನಿಂತಿದ್ದ. "ತಪ್ಪಾಯ್ತು ಕಣಪ್ಪ," ಎಂದು ಕೈಮುಗಿದ.

"ನಮ್ಮವ್ವುಂಗೆ ಮಣ್ಣಾಕಾಕೂ ನಾನಿರ್ನಿಲ್ಲ," ಎಂದ ನಿಂಗರಾಜು. "ಸೈನು ಆಕ್ವಾಗ ಎಲ್ಲೋಗಿದ್ದ ನಿನ್ ದೇವ್ರು?"

ಅಷ್ಟು ಹೇಳಿ ಅವನು ಬಸ್ಸು ಹತ್ತಿ ಹೋದ.

ಈಗ ಚೆಲುವಯ್ಯ ಸೈಕಲ್ಲಿಗೆ ಬಾಂಡ್ಲಿ, ಪಂಪು ಕಟ್ಟಿಕೊಂಡು ಬದನಗುಪ್ಪೆಯ ದಾರಿಯಲ್ಲಿ ಕೂರುತ್ತಾನೆ. ಹಳೆಯ ಸಹಿಗಳ ಸಮನ್ಸು ಬರುತ್ತಲೇ ಇದೆ. ಇದುವರೆಗೆ ಆರು. ಪ್ರತಿ ಸಲವೂ ಸೈಕಲ್ ತುಳಿದು ಹೋಗಿ ಅದೇ ಮೂರು ಮಾತು ಹೇಳಿ ಬರುತ್ತಾನೆ. ಆ ಕೇಸುಗಳ ಆರೋಪಿಗಳಲ್ಲಿ ಒಬ್ಬ ಕಟಕಟೆಯಿಂದ ಇಳಿಯುತ್ತ ಚೆಲುವಯ್ಯನ ಕಡೆ ಕಣ್ಣು ಮಿಟುಕಿಸಿ ನಕ್ಕ. ಅವನು ನಿಜವಾಗಿಯೂ ಕದ್ದಿದ್ದನೇನೋ. ಚೆಲುವಯ್ಯನಿಗೆ ಗೊತ್ತಿಲ್ಲ. ಅವನು ನೋಡಿರಲಿಲ್ಲ.