ಹೋಳಿಯ ಹೆಣಕ್ಕೆ ಅಳುವವನು

ನಮ್ಮ ಯರಗಟ್ಟಿಯಲ್ಲಿ ‘ಸೋಗು’ ಎಂಬ ಮಾತಿಗೆ ಬಿಡುವೇ ಇಲ್ಲ. ಶಾಲೆ ತಪ್ಪಿಸಲು ಹೊಟ್ಟೆ ಹಿಡಿದುಕೊಂಡವರದು ಸೋಗು. ಚುನಾವಣೆ ಬಂದಾಗ ಮಾತ್ರ ಮುದುಕಿಯರ ಕಾಲು ಮುಟ್ಟುವವರದು ಸೋಗು. ಹೋಳಿಯಲ್ಲಿ ಸೀರೆ ಉಟ್ಟು ಕುಣಿಯುವ ಗಂಡಸರದೂ ಸೋಗೇ. ಮೊದಲಿನವರು ನಮ್ಮನ್ನು ಮಂಗ ಮಾಡುತ್ತಾರೆ, ಹೋಳಿಯವರು ಮಾಡುವುದಿಲ್ಲ. ಆದರೂ ಎಲ್ಲರಿಗೂ ಒಂದೇ ಮಾತು ಸಾಕೆಂದು ನಮ್ಮ ಮಂದಿ ತೀರ್ಮಾನಿಸಿಬಿಟ್ಟಿದ್ದಾರೆ. ಅದರ ಪೆಟ್ಟು ಬಿದ್ದದ್ದು ಟೇಲರ್ ದುಂಡಪ್ಪನಿಗೆ.

ನನ್ನ ಕಿರಾಣಿ ಅಂಗಡಿಯ ಎದುರಿಗೇ ಅವನ ಹೊಲಿಗೆ ಮಶಿನ್ನು. ವರ್ಷವೆಲ್ಲ ತುಟಿ ಬಿಚ್ಚದ ಮನುಷ್ಯ. ಹೋಳಿಯಲ್ಲಿ ಬದುಕಿದ್ದವನನ್ನೇ ಹೆಣವೆಂದು ಚಟ್ಟದ ಮೇಲೆ ಮಲಗಿಸಿ ಓಣಿ ಓಣಿ ಹೊತ್ತು ತಿರುಗುವುದು ನಮ್ಮ ಕಡೆಯ ರೂಢಿ. ಅವನ ಗೆಳೆಯ ಬಸಲಿಂಗಪ್ಪ ಹೆಣ, ದುಂಡಪ್ಪ ಗಂಡ ಸತ್ತ ಹೆಂಗಸು. “ಬೀಡಿ ಕಟ್ಟು ಅರ್ಧಕ್ಕ ಬಿಟ್ಟು ಹೊಂಟ್ಯಲ್ಲೋ ನನ್ನ ರಾಜಾ” ಎಂದು ಅವನು ಎದೆ ಬಡಿದುಕೊಂಡರೆ ಬಸ್‌ಸ್ಟ್ಯಾಂಡಿನ ತನಕ ನಗು. ಆ ಅಳುವನ್ನು ಕಲಿಸಿದವಳು ಹೆಂಡತಿ ಕೆಂಚವ್ವ. ತನ್ನದೇ ಸೀರೆ ಉಡಿಸಿ, ನಿರಿಗೆ ಹಿಡಿಯುತ್ತ ಗದರುತ್ತಿದ್ದಳು: “ಹಂಗ ಒದರಬ್ಯಾಡ್ರಿ. ಸತ್ತವರ ಗುಣ ಹಾಡ್ಯಾಡಿ ಅಳಬೇಕು.” ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿ ಬೇಕಾದಷ್ಟು ನಗುತ್ತಿದ್ದರು.

ಹೋದ ದೀಪಾವಳಿ ಮುಗಿದ ಮೇಲೆ ಕೆಂಚವ್ವ ತೀರಿಕೊಂಡಳು. ರೂಢಿಯಂತೆ ಅವಳ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ದುಂಡಪ್ಪ ಬಂದು ಅವಳ ಎದುರು ಕುಳಿತ. ಆಮೇಲೆ ಬಾಯಿ ತೆರೆದ. ಅವನಿಗೆ ಬರುತ್ತಿದ್ದುದು ಒಂದೇ ಅಳು, ಅವಳು ಕಲಿಸಿದ್ದು: ಅದೇ ರಾಗ, ಎದೆಯ ಮೇಲೆ ಅದೇ ಏಟು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. “ಇಲ್ಲೂ ಸೋಗು ಬಿಡವಲ್ಲ ನೋಡ ಇಂವ” ಎಂದಿತು ಒಂದು ದನಿ. ಯಾರೆಂದು ಗೊತ್ತಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ದುಂಡಪ್ಪನ ಕೈ ಎದೆಯ ಮೇಲೇ ನಿಂತಿತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೂ ಅವನು ಅಳಲಿಲ್ಲ. ಕಲ್ಲಿನಂಥ ಮನುಷ್ಯ ಎಂದು ಅದೇ ಮಂದಿ ಆಡಿಕೊಂಡರು.

ನಾನು ಚಹಾ ಕಳಿಸಿದರೆ ಕುಡಿಯುತ್ತಿದ್ದ. ಒಮ್ಮೆ ಬಟ್ಟಲು ಕೊಡಲು ಬಂದವನು, “ಅಳು ಗಂಟಲದಾಗ ಕುಂತೈತ್ರಿ. ಎಲ್ಲಿ ಹೋಗಿ ಅಳ್ಲಿ?” ಎಂದ.

ವರ್ಷ ತುಂಬದ ಸಾವಿನ ಮನೆಯವರು ಹಬ್ಬ ಮಾಡುವುದಿಲ್ಲ. ಹೀಗಾಗಿ ಈ ಹೋಳಿಗೆ ಅವನನ್ನು ಯಾರೂ ಕರೆಯಲಿಲ್ಲ. ಅವನೇ ಬಂದ, ಕೆಂಚವ್ವನ ಸೀರೆಯನ್ನು ಅಡ್ಡಾದಿಡ್ಡಿ ಸುತ್ತಿಕೊಂಡು. ಬಸಲಿಂಗಪ್ಪ ಮಲಗಿದ್ದ ಚಟ್ಟದ ಪಕ್ಕ ಕುಳಿತು ಶುರು ಮಾಡಿದ: “ಚಾ ಆರತೈತಿ ಬರ್ರಿ ಅಂತ ಇನ್ನ ಯಾರು ಕರೀತಾರ? ನನ್ನ ಯಾರು ಬೈತಾರ?” ಮಂದಿ ಬಿದ್ದು ಬಿದ್ದು ನಕ್ಕರು. ಅಳಲು ಅವನಿಗೆ ಊರಲ್ಲಿ ಉಳಿದಿದ್ದ ಜಾಗ ಅದೊಂದೇ. ಬಾಯಿ ತುಂಬ ಅತ್ತ.

ಅಳು ಜೋರಾದಾಗ ಹೆಣ ಥಟ್ಟನೆ ಎದ್ದು ಬೀಡಿ ಕೇಳಬೇಕು, ಅಲ್ಲಿಗೆ ಸೋಗು ಮುಗಿಯುತ್ತದೆ. ಬಸಲಿಂಗಪ್ಪ ಏಳಲಿಲ್ಲ. ಮುಖದ ಮೇಲೆ ಕಣ್ಣೀರು ಬಿದ್ದಾಗಲೇ ಇದು ಸೋಗಲ್ಲವೆಂದು ಅವನಿಗೆ ಗೊತ್ತಾಗಿಬಿಟ್ಟಿತ್ತು. “ಏಳಲೇ ಹೆಣಾ!” ಎಂದು ಮಂದಿ ಕೂಗಿದರೂ ಬಿಸಿಲಿನಲ್ಲಿ ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದ. ಹಲಗೆ ಬಾರಿಸುವವರು ಬೇಸತ್ತು ಮುಂದಿನ ಓಣಿಗೆ ಹೋದರು, ಅವರ ಹಿಂದೆ ಮಂದಿಯೂ ಹೋದರು.

ಕೊನೆಗೆ ದುಂಡಪ್ಪ ಸೆರಗಿನಿಂದ ಮುಖ ಒರೆಸಿಕೊಂಡು ಗೆಳೆಯನ ಭುಜ ಅಲುಗಿಸಿದ.

“ಏಳೋ ಬಸಲಿಂಗಾ,” ಎಂದ. “ನೀನರ ಏಳು.”