ಅತ್ತೆಯ ಶೆಡ್ಡಿನ ಗೋಣಿತಟ್ಟು

ನೆನೆದ ಗೋಣಿತಟ್ಟಿನ ವಾಸನೆಗೆ ಮೊದಲ ಮಳೆಯ ಮಣ್ಣಿಗಿರುವ ಮರ್ಯಾದೆ ಇಲ್ಲ. ಮಣ್ಣಿನ ಬಗ್ಗೆ ಎಲ್ಲರೂ ಎರಡು ಒಳ್ಳೆಯ ಮಾತು ಆಡುತ್ತಾರೆ. ಸೆಣಬಿನ ಬಗ್ಗೆ ಯಾರು ಆಡಿಯಾರು? ಈ ಏಪ್ರಿಲ್‌ನಲ್ಲಿ, ಬೈಲಹೊಂಗಲದ ನನ್ನ ಬಾಡಿಗೆ ಕೋಣೆಯ ಪಡುವಣ ಕಿಟಕಿಗೆ ಮನೆಯ ಮಾಲೀಕರು ಒಂದು ಗೋಣಿತಟ್ಟು ಇಳಿಬಿಟ್ಟರು. ತಾವೇ ಒಂದು ತಂಬಿಗೆ ನೀರು ಚಿಮುಕಿಸಿ ತೋರಿಸಿ, “ನೀರ ಹೊಡ್ಯಾಕ ಮರೀಬ್ಯಾಡ್ರಿ ಮೇಡಮ್ಮಾರ. ಹಸಿ ತಟ್ಟ ಅಂದ್ರ ಕೂಲರು, ಒಣಗಿತಂದ್ರ ಕಾದ ಹಂಚು” ಎಂದರು. ನಾನು ಆಗಲಿ ಎಂದೆ. ಅದು ನನಗೆ ಗೊತ್ತು ಎನ್ನಲಿಲ್ಲ. ಗೊತ್ತಿರುವುದನ್ನೆಲ್ಲ ಹೇಳಿಬಿಡುವ ಸ್ವಭಾವ ನನ್ನದಲ್ಲ. ಅದಕ್ಕೇ ನಾನು ಕಲಿಸುವ ಕಾಲೇಜಿನಲ್ಲಿ ನನಗೆ ‘ಗಂಭೀರ’ ಎಂಬ ಹೆಸರಿದೆ. ಮನೆಯಲ್ಲಿ ಅದನ್ನೇ ‘ಮೂಗಿ’ ಎನ್ನುತ್ತಾರೆ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ತಟ್ಟಿನ ಹತ್ತಿರ ನಿಂತೆ. ಅದರ ಹಿಂದೆ ಕೋಳಿಗಳ ಸದ್ದೊಂದು ಕಡಿಮೆ ಇತ್ತು, ಅಷ್ಟೇ.

ನಮ್ಮ ಮನೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ. ಲಿಂಗಪೂಜೆಯಾಗದೆ ಚಹಾ ಮುಟ್ಟದವರ ಮನೆ. ಇಂಥ ಮನೆ ನಾನು ಹುಟ್ಟಿದ ಮೇಲಿನ ಹತ್ತಾರು ವರ್ಷ ನಡೆದದ್ದು ಕೋಳಿ ತತ್ತಿಯ ಮೇಲೆ. ನಿಮಗೆ ನಗು ಬರಬಹುದು. ನಮಗೆ ಬರುತ್ತಿರಲಿಲ್ಲ, ನಗು ಬಾರದಂತೆ ಎಲ್ಲವನ್ನೂ ಒಂದು ಶಿಸ್ತಿಗೆ ತಂದಿದ್ದೆವು. ತತ್ತಿ ಎಂಬ ಶಬ್ದವನ್ನು ಹೊಸ್ತಿಲೊಳಗೆ ಯಾರೂ ಆಡುತ್ತಿರಲಿಲ್ಲ. ಅದಕ್ಕೆ ‘ಮಾಲು’ ಎಂದು ಹೆಸರು. “ಮಾಲ ಹೋತೇನ?” ಎಂದು ಅಪ್ಪ ಪಡಸಾಲೆಯಿಂದ ಕೇಳುವರು. “ಹೋತು” ಎಂದು ಹಿತ್ತಲಿನಿಂದ ನೀಲತ್ತೆಯ ದನಿ ಬರುವುದು. ಬೆಲ್ಲವೋ ಹತ್ತಿಯೋ ಹೋಯಿತೇನೋ ಎನ್ನುವಂತೆ ಅಪ್ಪ ತಲೆಯಾಡಿಸುವರು.

ನೀಲತ್ತೆ ಅಪ್ಪನ ತಂಗಿ. ಸವದತ್ತಿ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ್ದರಿಂದ ಆ ಮನೆಯವರು ಒಂದು ಟ್ರಂಕಿನ ಜೊತೆ ತಿರುಗಿ ಕಳಿಸಿದರು. ಬಂದವಳು ಹೊಲದಲ್ಲಿ ಪಾಲು ಕೇಳಲಿಲ್ಲ. ಮನೆಯ ಹಿಂದಿದ್ದ ಕಲ್ಲುನೆಲ ಕೇಳಿದಳು. ಎಳ್ಳೂ ಬೆಳೆಯದ ನೆಲವದು. ಸವದತ್ತಿಯಲ್ಲಿ ಯಾರದೋ ಕೋಳಿ ಶೆಡ್ಡು ನೋಡಿ ಕಲಿತುಕೊಂಡಿದ್ದಳಂತೆ. ಅಪ್ಪ ಒಪ್ಪಿದ್ದು ಕೋಳಿಯ ಮೇಲಿನ ನಂಬಿಕೆಯಿಂದಲ್ಲ. ಕೋಳಿ ಸಾಕುವವಳು ಪಾಲು ಕೇಳುವುದಿಲ್ಲ ಎಂಬ ನಂಬಿಕೆಯಿಂದ. ಇದನ್ನು ನನಗೆ ಯಾರೂ ಹೇಳಿಲ್ಲ. ಕೆಲವು ಸಂಗತಿಗಳನ್ನು ಮನೆಯ ಮಕ್ಕಳಿಗೆ ಹೇಳಬೇಕಾಗುವುದಿಲ್ಲ.

ಶೆಡ್ಡು ಮೂಡಣ-ಪಡುವಣವಾಗಿ ಉದ್ದಕ್ಕೆ ಮಲಗಿತ್ತು. ಸುತ್ತ ಗೋಡೆಯಿಲ್ಲ, ತಂತಿಜಾಳಿ. ಒಳಗೆ ಸಾಲುಸಾಲು ತಂತಿಯ ಗೂಡು. ತತ್ತಿ ಇಟ್ಟರೆ ತಾನೇ ಉರುಳಿ ಮುಂದೆ ಬಂದು ನಿಲ್ಲುವಂತೆ ಇಳಿಜಾರಿನ ತಳ. ಜಾಳಿಯ ಹೊರಗೆ ಮಡಿಸಿ ಮೇಲೆತ್ತಿ ಕಟ್ಟಿದ ಗೋಣಿತಟ್ಟುಗಳು. ಬೇಸಿಗೆಯಲ್ಲಿ ಬಿಸಿಲು ಬರುವ ಒಂದು ಮಗ್ಗುಲು ಮಾತ್ರ, ಅದೂ ಅರ್ಧ ಇಳಿಸಿ ನೀರು ಹೊಡೆಯುತ್ತಿದ್ದರು. ಉಳಿದ ಕಡೆ ಗಾಳಿ. “ಕೋಳಿಗಿ ಬೆವರ ಇಲ್ಲವ್ವಾ, ಬಾಯಿ ತಕ್ಕೊಂಡ ತೇಕತಾವು. ಗಾಳೀನ ಅವುಕ್ಕ ನೀರು” ಎನ್ನುತ್ತಿದ್ದಳು ಅತ್ತೆ. ಶೆಡ್ಡಿಗೆ ಹೋಗಿ ಬಂದ ಅತ್ತೆ ಹಿತ್ತಲ ನಲ್ಲಿಯಲ್ಲಿ ಮೈ ತೊಳೆದು, ಗೂಟಕ್ಕೆ ತೂಗಿದ ಬೇರೆ ಸೀರೆ ಉಟ್ಟೇ ಒಳಗೆ ಬರಬೇಕು. ಬಂದರೂ ಅಡುಗೆಮನೆಗಿಲ್ಲ, ದೇವರ ಕೋಣೆಗಿಲ್ಲ. ಅವಳ ತಾಟು ಪಡಸಾಲೆಯ ಕಂಬದ ಹತ್ತಿರ.

ಆ ಕಂಬವನ್ನೂ ಅವಳೇ ಬದಲಿಸಿದಳು ಎನ್ನಬೇಕು. ಸೋರುವ ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂದದ್ದು ಮಾಲಿನಿಂದ. ನಾನು ರಾಮದುರ್ಗದ ಹೈಸ್ಕೂಲಿಗೆ ಹೋದದ್ದು ಮಾಲಿನಿಂದ. ಊರಲ್ಲಿ ಗೋವಿನಜೋಳ ಕೊಳ್ಳುವವರೇ ಇಲ್ಲದಿದ್ದಾಗ ಅತ್ತೆ ಕೋಳಿ ಆಹಾರಕ್ಕೆಂದು ಕೊಳ್ಳತೊಡಗಿದಳು. ಓಣಿಯ ನಾಲ್ಕು ಮನೆ ಅದನ್ನು ಬಿತ್ತತೊಡಗಿದವು. ಶೆಡ್ಡಿನ ಗೊಬ್ಬರ ಬಿದ್ದ ಹೊಲದ ಉಳ್ಳಾಗಡ್ಡಿ ನೋಡಲು ಜನ ಬರುತ್ತಿದ್ದರು. ರಾಮದುರ್ಗ ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಗಳು, ಸವದತ್ತಿಯ ಹಾಸ್ಟೆಲ್ಲು, ಎಲ್ಲಕ್ಕೂ ನಮ್ಮ ಮಾಲು. ಊರ ಗುಡಿಗೆ ಒಂದು ಹಿತ್ತಾಳೆ ಗಂಟೆಯೂ ಬಂತು. ಅದರ ಮೇಲೆ ಅಪ್ಪನ ಹೆಸರಿದೆ.

ನನ್ನ ಪಾಲಿಗೆ ಬಂದದ್ದು ಬೇರೆ ಕೀರ್ತಿ. ಗಣಿತದ ಪರೀಕ್ಷೆಯಲ್ಲಿ ನನಗೆ ಸೊನ್ನೆ ಬಂದಾಗ ಮಾಸ್ತರರು ಇಡೀ ತರಗತಿಗೆ ಕೇಳುವಂತೆ, “ಮನ್ಯಾಗ ಇಟ್ಟದ್ದು ಸಾಲಲಿಲ್ಲಂತ ಸಾಲ್ಯಾಗೂ ತತ್ತಿ ಇಟ್ಟಾಳ” ಎಂದರು. ಮನೆಗೆ ಬಂದು ಅತ್ತಾಗ ಅತ್ತೆ ನನ್ನ ಕಿವಿಯ ಹಾಲೆ ಹಿಡಿದು ನೋಡಿದಳು. ಕೋಳಿಯ ಜುಟ್ಟಿನ ಕೆಂಪು ನೋಡುವ ಅಭ್ಯಾಸ ಅವಳಿಗೆ ಮನುಷ್ಯರ ಮೇಲೂ ಹೊರಳಿತ್ತು. “ಬಣ್ಣ ಚಲೋ ಐತಿ. ಸಾಯಂಗಿಲ್ಲ ತಗೋ. ಮಾಸ್ತರಗ ಕೇಳು, ಅಂವಾ ಏನ ಇಟ್ಟಾನ?” ಎಂದಳು. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಅಕ್ಕನನ್ನು ನೋಡಲು ಕಿತ್ತೂರಿನಿಂದ ವ್ಯಾಪಾರಸ್ಥರ ಮನೆಯವರು ಬರುವವರಿದ್ದರು. ದೊಡ್ಡ ಮನೆ, ಕಟ್ಟುನಿಟ್ಟಿನ ಮಡಿ ಎಂದು ಕೇಳಿದ್ದೆವು. ಹಿಂದಿನ ದಿನ ಅಪ್ಪ ಅತ್ತೆಯನ್ನು ಕರೆದರು.

“ನೀಲಾ, ನಾಳಿ ನೀ ಮುನವಳ್ಳಿಗಿ ಹೋಗಿ ಫೀಡಿಂದೊಂದ ನೋಡ್ಕೊಂಡ ಬಾ.”

“ಫೀಡ ಮೊನ್ನೆರ ಬಂದೈತಲ್ಲೋ ಅಣ್ಣಾ.”

“ಹಂಗಾರ ಮತ್ತೇನರ ನೋಡ್ಕೊಂಡ ಬಾ.”

ಅತ್ತೆಗೆ ಅರ್ಥವಾಯಿತು. ನಕ್ಕಳು. “ಹಂಗಂದ್ರ ನಾನೂ ಮಾಲ ಆಗೇನಿ ಅನ್ನು, ಹೊತ್ತ ಮೂಡೂದ್ರಾಗ ಹೊರಗ ಕಳಸಾಕ.” ಅವ್ವ ಒಲೆಯ ಮುಂದೆ ತಲೆ ತಗ್ಗಿಸಿದಳು. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಅತ್ತೆ ಅಪ್ಪನಿಗೆ ಒಂದೇ ಮಾತು ಹೇಳಿದಳು: “ಬಿಸಲ ಏರಿದ ಮ್ಯಾಲ ತಟ್ಟಿಗಿ ನೀರ ಹೊಡೀಲಿ ಯಲ್ಲವ್ವ.” ಯಲ್ಲವ್ವ ಶೆಡ್ಡಿನ ಕೆಲಸಕ್ಕೆ ಬರುತ್ತಿದ್ದ ಕೇರಿಯ ಹೆಂಗಸು. ಬಸ್ಸು ಹೋದ ಮೇಲೆ ಬಂದ ಆಕೆಯನ್ನೂ ಅಪ್ಪ, “ಇವತ್ತ ಸೂಟಿ ಮಾಡವ್ವಾ” ಎಂದು ತಿರುಗಿ ಕಳಿಸಿದರು. ಬೀಗರ ಕಣ್ಣಿಗೆ ಆಕೆಯೂ ಬೀಳಬಾರದಿತ್ತು.

ಆಮೇಲೆ ಅಪ್ಪ ತಾವೇ ಹಿತ್ತಲಿಗೆ ಹೋಗಿ ನಾಲ್ಕೂ ಮಗ್ಗುಲಿನ ತಟ್ಟುಗಳನ್ನು ನೆಲದವರೆಗೆ ಇಳಿಬಿಟ್ಟರು. ಗಾಳಿಗೆ ಹಾರದಂತೆ ಕೆಳಗೆ ಹಗ್ಗ ಹಾಕಿ ಬಿಗಿದು, ಅಂಚಿಗೆ ಕಲ್ಲು ಹೇರಿದರು. ವಾಸನೆ ಹೊರಗೆ ಬರಬಾರದು, ಸಪ್ಪಳ ಬರಬಾರದು, ಕಾಣಬಾರದು. ಅವ್ವ ಬಾಗಿಲಲ್ಲಿ ನಿಂತು, “ಅವುಕ್ಕ ಉಸರ ಕಟ್ಟಾಂಗಿಲ್ಲೇನ್ರಿ?” ಎಂದು ಕೇಳಿದ್ದು ನನಗೆ ಕೇಳಿಸಿತು. “ನಾವು ಬಾಗಲಾ ಹಾಕ್ಕೊಂಡ ಮಕ್ಕೊಳ್ಳಂಗಿಲ್ಲೇನ? ನಾವೇನ ಸತ್ತೇವ?” ಎಂದರು ಅಪ್ಪ. ಅಷ್ಟು ವರ್ಷ ಆ ಶೆಡ್ಡಿನ ಅನ್ನ ಉಂಡವರು ಅದರೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ತಟ್ಟು ಮರೆಮಾಡುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು.

ಬೆಳಿಗ್ಗೆ ಬರಬೇಕಾದವರು ಬಂದದ್ದು ನಡುಮಧ್ಯಾಹ್ನ. ಪಡಸಾಲೆಯಲ್ಲಿ ಜಮಖಾನೆ, ಊದುಬತ್ತಿ, ಶಿರಾ, ಚೂಡಾ. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಕುಳಿತಳು. ಹಿತ್ತಲಿನಿಂದ ಮೊದಲು ಮುಚ್ಚಿದ ಬಾಯಿಯ ಗದ್ದಲದಂಥದ್ದೊಂದು ಕೇಳುತ್ತಿತ್ತು. ಅಪ್ಪ ಗಟ್ಟಿಯಾಗಿ ಮಾತಾಡಿ ಅದನ್ನು ಮುಚ್ಚುತ್ತಿದ್ದರು. ಹೋಗುತ್ತ ಹೋಗುತ್ತ ಆ ಗದ್ದಲ ಇಳಿಯಿತು. ಇಳಿದಂತೆ ಅಪ್ಪನ ಮುಖ ತಿಳಿಯಾಗುತ್ತ ಬಂತು. ಈ ಇಡೀ ಸಂಗತಿಯಲ್ಲಿ ನನಗೆ ಮರೆಯಲಾಗದ್ದು ಇದೇ, ಆ ತಿಳಿಯಾದ ಮುಖ.

ಎಲೆ ಅಡಿಕೆಯ ಹೊತ್ತಿಗೆ ಗಂಡಿನ ತಂದೆ ಕಾಲು ಚಾಚಿ, “ಅಲ್ರೀ, ನಿಮ್ಮದೊಂದ ಕೋಳಿ ಫಾರ್ಮ್ ಐತಂತಲ್ಲ? ತೋರಸ್ರೆಲಾ ಒಂದೀಟು” ಎಂದರು.

ಅಪ್ಪ ಅಡಿಕೆ ನುಂಗಿದರು. “ನಮ್ಮದಲ್ರೀ ಅದು. ಬಾಜೂದವ್ರದು. ಜಾಗಾ ಬಾಡಗಿ ಕೊಟ್ಟೇವಿ, ಅಷ್ಟ. ನಮ್ಮಂಥಾ ಮನಿತನದಾಗ ಅದೆಲ್ಲಾ ನಡೀತೈತೇನ್ರಿ?”

“ಹೌದ? ನಮಗ ನಿಮ್ಮದಂತ ಹೇಳಿದ್ರು. ಇರ್ಲಿ ಬಿಡ್ರಿ” ಎಂದು ಆ ಹಿರಿಯರು ತಲೆಯೆತ್ತಿ ನಮ್ಮ ಸ್ಲ್ಯಾಬನ್ನು ಇನ್ನೊಮ್ಮೆ ನೋಡಿದರು.

ಸಂಜೆ ಬಸ್ಸಿಳಿದ ಅತ್ತೆಗೆ ರಸ್ತೆಯಲ್ಲೇ ಗೊತ್ತಾಗಿರಬೇಕು. ಅಷ್ಟೊಂದು ಕೋಳಿಗಳ ಮೌನ ದೂರದವರೆಗೆ ಕೇಳುತ್ತದೆ. ಅವಳು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈಚೀಲ ಅಂಗಳದಲ್ಲಿ ಬಿತ್ತು. ಹಗ್ಗದ ಗಂಟು ಬಿಚ್ಚಲು ಬಾರದೆ ಕುಡುಗೋಲು ತಂದು ಕೊಯ್ದಳು. ತಟ್ಟು ಎತ್ತಿದಾಗ ಒಳಗಿನಿಂದ ಹೊರಬಿದ್ದ ಸೆಕೆಗೆ ನಾವು ಹಿಂದೆ ಸರಿದೆವು. ಗೂಡಿನ ತಂತಿಯಿಂದ ಕುತ್ತಿಗೆಗಳು ಹೊರಗೆ ಜೋತಿದ್ದವು. ಎಲ್ಲ ಕೊಕ್ಕುಗಳೂ ತೆರೆದಿದ್ದವು, ಎಲ್ಲವೂ ದಿನಾ ಗಾಳಿ ಬರುವ ಮಗ್ಗುಲಿಗೆ ತಿರುಗಿದ್ದವು. ಕೆಳಗೆ ಇಳಿಜಾರಿನಲ್ಲಿ ಆ ದಿನದ ತತ್ತಿಗಳು ಅಚ್ಚುಕಟ್ಟಾಗಿ ಉರುಳಿ ಬಂದು ನಿಂತಿದ್ದವು.

ಇನ್ನೂ ತೇಕುತ್ತಿದ್ದವಕ್ಕೆ ನೀರು ಹೊಡೆದೆವು. ಅವ್ವ ಮಡಿಸೀರೆಯಲ್ಲೇ ಕೊಡ ಹೊತ್ತು ಒಳಗೆ ಬಂದಳು, ಜೀವನದಲ್ಲಿ ಮೊದಲ ಸಲ. ಅಪ್ಪ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. “ನನಗ ಗೊತ್ತಾಗಲಿಲ್ಲ ನೀಲಾ” ಎಂದರು.

“ನಿನಗ ಹೆಂಗ ಗೊತ್ತಾಗಬೇಕ ಅಣ್ಣಾ? ನೀ ಎಂದ ಒಳಗ ಬಂದಿದ್ದಿ?” ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಅಕ್ಕ ಅಳುತ್ತ, “ಅಪ್ಪ ಅವರ ಮುಂದ ಇದು ನಮ್ಮದಲ್ಲ ಅಂದ ಅತ್ತೀ, ಬಾಜೂದವ್ರದು ಅಂದ” ಎಂದುಬಿಟ್ಟಳು.

ಅತ್ತೆ ಕೈಯಲ್ಲಿದ್ದ ಕೋಳಿಯನ್ನು ನೆಲಕ್ಕಿಟ್ಟು ಎದ್ದು ನಿಂತಳು. “ಇವು ಸತ್ತದ್ದ ಸೆಕಿಗಿ. ನಮ್ಮದಲ್ಲ ಅನ್ನಾಕ ನಿನಗ ಯಾವ ಸೆಕಿ ಬಡದಿತ್ತೋ ಅಣ್ಣಾ?”

ಆ ರಾತ್ರಿ ಕಂಬದ ಹತ್ತಿರ ಅತ್ತೆಯ ತಾಟು ಹಾಗೇ ಉಳಿಯಿತು. ವಾರದೊಳಗೆ ಮಾಲು ಒಯ್ಯುವ ದಾವಲಸಾಬನ ಟೆಂಪೋ ಮುನವಳ್ಳಿಯಿಂದ ಬಂತು. ಬದುಕಿ ಉಳಿದ ಕೋಳಿಗಳನ್ನೂ ತನ್ನ ಟ್ರಂಕನ್ನೂ ಅದಕ್ಕೇರಿಸಿದಳು. “ಎಲ್ಲಿಗಿ ನೀಲಾ?” ಎಂದು ಅವ್ವ ಕೇಳಿದಾಗ, “ಬಾಜೂದವ್ರ ಮನಿಗಿ” ಎಂದಳು.

ಕಿತ್ತೂರಿನವರ ಉತ್ತರ ಆಮೇಲೆ ಬಂತು. ನಡುವಿನವರು ಮರೆಮಾಚದೆ ಹೇಳಿದರು: “ಹುಡಗಿ ಚಲೋ ಅದಾಳ. ಕೋಳಿ ಫಾರ್ಮ್ ಅವರದಂತ ತಿಳದ ಹೋಗಿದ್ರಂತ. ಅದಿಲ್ಲಂದ ಮ್ಯಾಲ ಮನಿ ನಡಿಯೂದ ಹೆಂಗ ಅಂತ ವಿಚಾರಕ್ಕ ಬಿದ್ರು.” ಅಪ್ಪ ಅವರಿಗೆ ಚಹಾ ಕೊಡುವಂತೆ ಹೇಳಿ ಒಳಗೆ ಹೋದರು.

ಸೆಕೆ ತಿಂದು ಉಳಿದ ಕೋಳಿಗಳು ಮುನವಳ್ಳಿಯಲ್ಲಿ ಕೆಲ ದಿನ ತೊಗಲಿನಂಥ ಮೆತ್ತನೆಯ ತತ್ತಿ ಇಟ್ಟವಂತೆ. ಆಮೇಲೆ ಇಡುವುದನ್ನೇ ಬಿಟ್ಟವಂತೆ. ಇಡದ ಕೋಳಿಗೆ ಈ ಧಂದೆಯಲ್ಲಿ ಒಂದೇ ದಾರಿ. ಅವನ್ನು ಕೊಯ್ಯುವವರಿಗೆ ಮಾರಿ ಅತ್ತೆ ಯಾರದೋ ದೊಡ್ಡ ಫಾರ್ಮಿನಲ್ಲಿ ತತ್ತಿ ಆರಿಸುವ ಕೂಲಿಗೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ಇತ್ತ ಓಣಿಯವರ ಗೋವಿನಜೋಳ ರಾಮದುರ್ಗದ ಪೇಟೆಗೆ ಹೋಗಿ ಕೊಳ್ಳುವವರಿಲ್ಲದೆ ಕುಳಿತಿತು; ಯಲ್ಲವ್ವ ಇಟ್ಟಂಗಿ ಭಟ್ಟಿಗೆ ಹೋದಳು. ಅಕ್ಕನ ಮದುವೆ ಬೇರೆ ಕಡೆ ಆಯಿತು. ಅತ್ತೆ ಬಂದು, ಹಿಂದಿನ ಸಾಲಿನಲ್ಲಿ ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೋದಳು. ನಾನು ಮುನವಳ್ಳಿಗೆ ಹೋದಾಗಲೆಲ್ಲ ಇವತ್ತಿಗೂ ಕಿವಿಯ ಹಾಲೆ ಹಿಡಿದು ನೋಡುತ್ತಾಳೆ. ಸಾಲಹಳ್ಳಿಯ ಸುದ್ದಿ ಕೇಳುವುದಿಲ್ಲ.

ಕಾಲ ಬದಲಾಯಿತು. ಈಗ ನಮ್ಮ ಕಡೆ ನಮ್ಮಂಥವರೇ, ಮಠಕ್ಕೆ ನಡೆದುಕೊಳ್ಳುವವರೇ, ಬ್ಯಾಂಕಿನವರನ್ನು ಕರೆಸಿ ಪೂಜೆ ಮಾಡಿಸಿ ಕೋಳಿ ಶೆಡ್ಡು ಹಾಕುತ್ತಾರೆ. ಅದಕ್ಕೆ ‘ಉದ್ಯಮ’ ಎಂಬ ಹೆಸರು ಬಂದಿದೆ. ಮಾಲು ಎಂದು ಮರೆಸುವ ಅಗತ್ಯ ಯಾರಿಗೂ ಇಲ್ಲ.

ಮೊನ್ನೆ ಅಪ್ಪ ನನ್ನನ್ನು ನೋಡಲು ಬೈಲಹೊಂಗಲಕ್ಕೆ ಬಂದಿದ್ದರು. ಮಧ್ಯಾಹ್ನ ತಟ್ಟಿನ ತಂಪಿಗೆ ಕುಳಿತಿದ್ದಾಗ ಮಾಲೀಕರು ಮಾತಿಗೆ ಬಂದರು. ಅವರ ಅಳಿಯ ತತ್ತಿ ಕೋಳಿಯ ಲೇಯರ್ ಫಾರ್ಮ್ ಹಾಕುವ ವಿಚಾರದಲ್ಲಿದ್ದಾನಂತೆ. ಅಪ್ಪನ ಕಣ್ಣು ಅರಳಿತು. “ಚಲೋ ಧಂದೆರೀ ಅದು. ನಾವು ಎಂಬತ್ತರ ದಶಕದಾಗನ ಹಾಕಿದ್ವಿ. ರಾಮದುರ್ಗ ಕಡೆ ಮೊದಲನೇ ಫಾರ್ಮ್ ನಮ್ಮದ. ಆಗ ಯಾರಿಗೆ ಧೈರ್ಯ ಇತ್ತ್ರೀ?”

ನಾನು ಎದ್ದು ಕಿಟಕಿಗೆ ಹೋದೆ. ತಟ್ಟನ್ನು ಸುತ್ತಿ ಮೇಲಕ್ಕೆತ್ತಿ ಮೊಳೆಗೆ ಕಟ್ಟಿದೆ. ಪಡುವಣದ ಬಿಸಿಲು ಅಪ್ಪನ ಮುಖದ ಮೇಲೆ ಬಿತ್ತು.

“ನಮ್ಮದಲ್ರೀ ಅದು” ಎಂದೆ ಮಾಲೀಕರಿಗೆ. “ನಮ್ಮ ನೀಲತ್ತೀದು. ಈಗ ಮುನವಳ್ಯಾಗ ಅದಾಳ. ನಿಮ್ಮ ಅಳಿಯಾಗ ಆಕಿನ್ನ ಕೇಳಾಕ ಹೇಳ್ರಿ.”

ಮಾಲೀಕರು ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿದರು. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಅಂದರು: “ಸೆಕಿ ಬರಾಕತ್ತೈತೆವ್ವಾ. ತಟ್ಟ ಇಳಸು.”

ನಾನು ಇಳಿಸಲಿಲ್ಲ.