ಬೀಗದಕ್ಕ ಕಟ್ಟಿದ ಬೇಲಿ

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳಿಗೆ ಅಲ್ಲಿ ಬೀಗದಕ್ಕ ಎಂದೇ ಹೆಸರು. ವಯಸ್ಸಿನಲ್ಲಿ ಹಿರಿಯಳಾದ ಹೆಡ್ ನರ್ಸ್ ಕೂಡ ಹಾಗೆಯೇ ಕರೆಯುತ್ತಿದ್ದಳು. ಬೀಗದಕ್ಕ ರೋಗಿಗಳ ದಾಖಲೆಗಳಿರುವ ಸರ್ವರ್ ಕೋಣೆಯ ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು, ಊಟದ ನಡುವೆಯೂ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ಜಗ್ಗಿ ನೋಡದ ದಿನವಿಲ್ಲ. "ನಿನ್ನ ನೆರಳು ಬಂದ್ರೂ ಯಾರು ನೀನು ಅಂತ ಕೇಳ್ತೀಯಲ್ಲೇ" ಎಂದು ಗಂಡ ರೇಗಿಸುತ್ತಿದ್ದ. ಪುಕ್ಕಲರನ್ನು ಕಂಡು ನಗುವುದು ಸುಲಭ. ಕಾವಲಿಗೆ ಯಾರನ್ನು ಇಡೋಣ ಎಂಬ ಮಾತು ಬಂದಾಗ ಮಾತ್ರ ಎಲ್ಲರಿಗೂ ಅವರೇ ನೆನಪಾಗುತ್ತಾರೆ.

ಈ ಹೆದರಿಕೆ ಗೋದಾಮಿನಲ್ಲಿ ಹುಟ್ಟಿದ್ದು. ಅವಳಪ್ಪ ಅಲ್ಲಿ ಕಾವಲುಗಾರ. ಚಿಕ್ಕವಳಿದ್ದಾಗ ಒಂದು ಸಂಜೆ ಮೂಟೆಗಳ ಹಿಂದೆ ಆಡುತ್ತಾ ನಿದ್ದೆಹೋಗಿದ್ದಳು. ಅಪ್ಪ ಎಂದಿನಂತೆ ಬೀಗ ಹಾಕಿ, ಜಗ್ಗಿ ನೋಡಿ, ನೆಮ್ಮದಿಯಿಂದ ಮನೆಗೆ ಹೋಗಿಬಿಟ್ಟ. ಎಚ್ಚರವಾದಾಗ ಗವ್ವೆನ್ನುವ ಕತ್ತಲು. ಅಂಗೈ ಊದಿಕೊಳ್ಳುವವರೆಗೆ ಬಾಗಿಲು ಬಡಿದಳು, ಯಾರಿಗೂ ಕೇಳಿಸಲಿಲ್ಲ. ಊರೆಲ್ಲ ಹುಡುಕಿದ ಅಪ್ಪ ಕೊನೆಗೆ ಬಂದು ಬೀಗ ತೆಗೆದಾಗ ಬೆಳಗಾಗಿತ್ತು. ಅಂದಿನಿಂದ ಅಪ್ಪ ಬೀಗ ಹಾಕುವ ಮುಂಚೆ ಖಾಲಿ ಗೋದಾಮಿನೊಳಗೆ ಕೂಗುತ್ತಿದ್ದ: "ಒಳಗ್ಯಾರಾದ್ರೂ ಇದ್ದೀರೇನ್ರಪ್ಪಾ?" ಮುದುಕನಿಗೆ ಅರಳುಮರಳು ಎಂದು ಜನ ನಗುತ್ತಿದ್ದರು. ಆಗ ಅವನಿನ್ನೂ ಮುದುಕನೇ ಆಗಿರಲಿಲ್ಲ.

ಈಚೆಗೆ ಪಕ್ಕದೂರಿನ ಒಂದು ಆಸ್ಪತ್ರೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ, ರೋಗಿಗಳ ದಾಖಲೆಗಳನ್ನೆಲ್ಲ ಯಾರೂ ತೆರೆಯಲಾಗದಂತೆ ಮಾಡಿದ್ದರು. ಸುದ್ದಿ ಕೇಳಿ ಬೀಗದಕ್ಕ ತನ್ನ ಸರ್ವರ್ ನೋಡಿದಳು. ಎಲ್ಲಿಂದಲೋ ಯಾರೋ ಒಂದಾದ ಮೇಲೊಂದು ಪಾಸ್‌ವರ್ಡ್ ಊಹಿಸುತ್ತಾ ಬಿಡುವಿಲ್ಲದೆ ಕದ ತಟ್ಟುತ್ತಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವಳು ಅವಳಲ್ಲ. ಕಳ್ಳರನ್ನು ತಡೆಯುವ ಬೇಲಿಯಾದ ಫೈರ್‌ವಾಲಿಗೆ ಹೊಸ ನಿಯಮ ಬರೆದಳು: ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಸಂಪರ್ಕದಿಂದ, ಸ್ವಲ್ಪ ಹೊತ್ತಿನಲ್ಲೇ ಐದು ಸಲ ತಪ್ಪು ಪಾಸ್‌ವರ್ಡ್ ಬಂತೋ, ಆ ವಿಳಾಸಕ್ಕೆ ದಿನವಿಡೀ ಪ್ರವೇಶವಿಲ್ಲ. ಯಾರೂ ಕಾಯಬೇಕಿಲ್ಲ, ಬೀಗ ತಾನಾಗಿಯೇ ಬೀಳುತ್ತದೆ. ಅಷ್ಟಕ್ಕೂ ಸಮಾಧಾನವಾಗದೆ, ಅದೇ ಬೆಳಿಗ್ಗೆ ಎಲ್ಲರ ಹಳೆಯ ಪಾಸ್‌ವರ್ಡ್ ತೆಗೆದು ಹೊಸದು ಕೊಟ್ಟಳು.

ಹೊಸದನ್ನು ಹೇಳಿಕೊಡಲು ರಸ್ತೆಯಾಚೆಯ ಕಟ್ಟಡದ ಮಕ್ಕಳ ವಾರ್ಡಿಗೆ ಹೋಗಿದ್ದಾಗಲೇ ಅಲ್ಲಿಯ ಕಂಪ್ಯೂಟರ್ ಪರದೆಗಳೆಲ್ಲ ಬೆಳ್ಳಗಾದವು.

"ಏನಿದು ಬೀಗದಕ್ಕ, ಏನೂ ತೆರೀತಾನೇ ಇಲ್ವಲ್ಲ?" ಎಂದಳು ಹೆಡ್ ನರ್ಸ್.

ಬೀಗದಕ್ಕ ಏನಾಯಿತೆಂದು ಊಹಿಸಿದಳು. ಆ ವಾರ್ಡಿನ ಕಂಪ್ಯೂಟರುಗಳೆಲ್ಲ ಒಂದೇ ಸಂಪರ್ಕದಿಂದ ರಸ್ತೆ ದಾಟಿ ಬರುತ್ತವೆ, ಸರ್ವರಿನ ಕಣ್ಣಿಗೆ ಅವೆಲ್ಲ ಒಂದೇ ವಿಳಾಸ. ಐದು ಜನ ನರ್ಸುಗಳು ರೂಢಿಬಲದಿಂದ ಒಂದೊಂದು ಸಲ ಹಳೆಯ ಪಾಸ್‌ವರ್ಡ್ ಒತ್ತಿದ್ದರು. ಸರ್ವರ್ ಇಡೀ ವಾರ್ಡನ್ನೇ ಕಳ್ಳನೆಂದು ಹೊರಗಟ್ಟಿತ್ತು.

ಅಷ್ಟರಲ್ಲಿ ಮೂಲೆಯ ಮಂಚದಿಂದ ತಾಯಿಯೊಬ್ಬಳು ಚೀರಿದಳು. ಮಗುವಿಗೆ ಫಿಟ್ಸ್ ಬಂದಿತ್ತು. ಡಾಕ್ಟರು ಓಡಿ ಬಂದರು.

"ಹೋದ್ಸಲ ಯಾವುದೋ ಇಂಜೆಕ್ಷನ್‌ಗೆ ಉಸಿರೇ ನಿಲ್ಲೋ ಹಾಗಾಗಿತ್ತಲ್ಲ, ಯಾವುದದು? ಬೇಗ ನೋಡಿ ಹೇಳಿ!"

"ತೆರೀತಿಲ್ಲ ಡಾಕ್ಟ್ರೇ."

"ನಂಗೆ ಹೆಸರು ಗೊತ್ತಿಲ್ಲ ಸ್ವಾಮೀ" ಎಂದು ತಾಯಿ ಅತ್ತಳು.

ಬೀಗದಕ್ಕ ಮೆಟ್ಟಿಲಿಳಿದು ರಸ್ತೆಗೆ ಓಡಿದಳು. ಲಾರಿಯವನು ಬ್ರೇಕ್ ಒತ್ತಿ ಬಾಯಿಗೆ ಬಂದಂತೆ ಬೈದ. ಸರ್ವರ್ ಕೋಣೆಯ ಮುಂದೆ ಕೊರಳ ದಾರ ಕಿತ್ತು ಕೀಲಿ ತಿರುಗಿಸಿದಳು. ಒಳಗೆ ಹೋಗಿ, ತಡೆದ ವಿಳಾಸಗಳ ನಡುವೆ ವಾರ್ಡಿನದನ್ನು ಹುಡುಕಿ ಬಿಡಿಸಿ ಫೋನ್ ಮಾಡಿದಳು.

"ಸಿಸ್ಟರ್, ಈಗ ನೋಡಿ!"

"ಬಂತು, ಬಂತು... ಅಯ್ಯೋ, ಮತ್ತೆ ಹೋಯ್ತು!"

ಗಾಬರಿಯಲ್ಲಿ ಎಲ್ಲರೂ ಮತ್ತೆ ಹಳೆಯದನ್ನೇ ಒತ್ತಿದ್ದರು, ಬೀಗ ಮತ್ತೆ ಬಿದ್ದಿತ್ತು. ಫೋನಿನಲ್ಲಿ ತಾಯಿಯ ಅಳು ಕೇಳುತ್ತಿತ್ತು. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಲೇ? ಪರದೆಯ ಮೇಲೆ ಹೊರಗಿನವರು ಇನ್ನೂ ತಟ್ಟುತ್ತಲೇ ಇದ್ದರು. ಆರಿಸಿದರೆ ಎಲ್ಲ ಮಕ್ಕಳ ದಾಖಲೆಯೂ ಅವರ ಪಾಲಾದೀತು, ಆರಿಸದಿದ್ದರೆ ಈ ಮಗು. ಬರೆದ ನಿಯಮವನ್ನು ಮೊದಲಿಂದ ಓದತೊಡಗಿದಳು.

ಆಗ ಕಂಡಿತು. ಎಂದೂ ತಡೆಯಬಾರದ ನಮ್ಮವರ ವಿಳಾಸಗಳನ್ನು ಬರೆಯಲು ನಿಯಮದಲ್ಲೇ ಒಂದು ಸಾಲಿನ ಜಾಗವಿತ್ತು. ಕಳ್ಳರ ಭಯದಲ್ಲಿ ಅವಳು ಅದನ್ನು ಖಾಲಿ ಬಿಟ್ಟಿದ್ದಳು.

"ಸಿಸ್ಟರ್, ಯಾರೂ ಏನೂ ಒತ್ತಬೇಡಿ! ನಾನು ಹೇಳೋವರೆಗೂ ಕೈ ತೆಗೀರಿ!"

ವಾರ್ಡಿನ ವಿಳಾಸವನ್ನು ಆ ಸಾಲಿನಲ್ಲಿ ಬರೆದಳು. ಅಂಕಿಗಳನ್ನು ಬಾಯಿಬಿಟ್ಟು ಓದಿಕೊಂಡಳು. ನಿಯಮವನ್ನು ಮತ್ತೆ ಚಾಲೂ ಮಾಡಿ, ವಾರ್ಡನ್ನು ಬಿಡಿಸಿ, "ಈಗ ಹೊಸದನ್ನ ಒತ್ತಿ" ಎಂದಳು.

ಆ ಕಡೆ ಕೀಲಿಮಣೆಯ ಟಕಟಕ. ಆಮೇಲೆ ಹೆಡ್ ನರ್ಸಿನ ಕೂಗು: "ಡಾಕ್ಟ್ರೇ, ನಿಲ್ಸಿ! ಅದಲ್ಲ, ಅದನ್ನ ಕೊಡ್ಬೇಡಿ!"

ಬೇರೆ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಗು ಸಡಿಲವಾಗಿ ಮಲಗಿತು. "ಇನ್ನು ಕಾಯೋಕಾಗಲ್ಲ ಅಂತ ಡಾಕ್ಟ್ರು ಸಿರಿಂಜಿಗೆ ಅದನ್ನೇ ತುಂಬಿದ್ರು ಕಣೇ" ಎಂದಳು ಹೆಡ್ ನರ್ಸ್ ಫೋನಿನಲ್ಲೇ. ಬೀಗದಕ್ಕ ಫೋನ್ ಇಟ್ಟು, ಉಳಿದ ವಾರ್ಡುಗಳ ವಿಳಾಸಗಳನ್ನೂ ಆ ಸಾಲಿನಲ್ಲಿ ಬರೆದಳು.

ಸಂಜೆ ಮನೆಗೆ ಹೋಗದೆ ನೇರ ಅಪ್ಪನ ಹತ್ತಿರ ಹೋದಳು. ಅವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಅಪ್ಪಾ, ಇವತ್ತು ನಾನೂ ಕೂಗಿ ಕೇಳದೆ ಬೀಗ ಹಾಕ್ಬಿಟ್ಟೆ. ಒಳಗೊಂದು ಮಗು ಇತ್ತು."

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಏನಾಯಿತು, ಹೇಗಾಯಿತು ಎಂದೇನೂ ಕೇಳಲಿಲ್ಲ.

"ಬಾಗಿಲು ಬಡಿದಿದ್ದು ನಿಂಗೆ ಕೇಳಿಸ್ತೇನಮ್ಮಾ?"

"ಕೇಳಿಸ್ತಪ್ಪಾ. ಓಡಿ ಹೋಗಿ ತೆಗೆದೆ."

ಅಪ್ಪ ಅವಳ ಎರಡೂ ಅಂಗೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡ. ಬಹಳ ಹೊತ್ತು ಅವನ್ನೇ ಸವರುತ್ತಿದ್ದ.

"ಅವತ್ತು ನಂಗೆ ಕೇಳಿಸಿರ್ಲಿಲ್ಲ" ಎಂದ.